ಹಲ್ಲು ಬರುವ ಮಗುವಿಗೆ ತಂದ ಸಿಲಿಕಾನ್ ಬಳೆ: ಏಳು ತಿಂಗಳ ನಂತರ

ನಾಪೋಕ್ಲು ಬಳಿಯ ನಮ್ಮ ತೋಟದ ಮನೆಯಲ್ಲಿ ಮಗಳಿಗೆ ಆರು ತಿಂಗಳು ತುಂಬಿದ್ದು ಜೂನ್ ಕೊನೆಯ ವಾರ. ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತ, ದಿನಕ್ಕೆ ನಾಲ್ಕು ಅಂಗಿಗಳನ್ನು ಜೊಲ್ಲಿನಲ್ಲಿ ತೋಯಿಸತೊಡಗಿದಾಗ, ಮಡಿಕೇರಿಯ ಅಂಗಡಿಯೊಂದರಿಂದ 349 ರೂಪಾಯಿ ಕೊಟ್ಟು ಒಂದು ಟೀಥರ್, ಅಂದರೆ ಹಲ್ಲು ಬರುವ ಮಗು ಅಗಿಯುವ ಆಟಿಕೆ, ತಂದೆವು. ಬಳೆಯಾಕಾರದ ಸಿಲಿಕಾನ್, ಒಂದು ಬದಿಯಲ್ಲಿ ಸಣ್ಣ ಗುಬುಟುಗಳು, ಇನ್ನೊಂದು ಬದಿ ಒಳಗೆ ಟೊಳ್ಳು, ಆ ಟೊಳ್ಳಿಗೆ ಸೂಜಿಮೊನೆಯಷ್ಟು ರಂಧ್ರ. ಇಂಥ ಬಳೆಗಳು ಹತ್ತಾರು ಹೆಸರಿನಲ್ಲಿ ಸಿಗುವುದರಿಂದ, ಹೆಸರಿಗಿಂತ ರಚನೆಯನ್ನು ನೋಡಿ ಕೊಳ್ಳುವುದು ಮೇಲು.

ಅಗಿಯುವ ವಸ್ತುವಾಗಿ ಇದರ ಮೇಲೆ ನನಗೆ ದೂರಿಲ್ಲ. ಕುದಿಯುವ ನೀರಿನಲ್ಲಿ ಎಷ್ಟು ಸಲ ಹಾಕಿದರೂ ಆಕಾರ ಕೆಡಲಿಲ್ಲ, ವಾಸನೆ ಹಿಡಿಯಲಿಲ್ಲ. ಆದರೆ ನೆಲಕ್ಕೆ ಬಿದ್ದರೆ ಚಾಪೆಯ ಎಳೆ, ನಾಯಿಯ ಕೂದಲು ಎಲ್ಲವೂ ಅಂಟಿಕೊಳ್ಳುತ್ತವೆ. ಕೆಳಗಿನ ಎರಡು ಮುಂಬಲ್ಲುಗಳು ಬರುವ ಮುನ್ನ ವಸಡು ಉಬ್ಬಿ ಬೆಳ್ಳಗೆ ಗೆರೆಯಂತೆ ಕಾಣುತ್ತಿದ್ದಾಗ, ಅವಳು ಗುಬುಟಿನ ಬದಿಯನ್ನು ಸರಿಯಾಗಿ ಅದೇ ಜಾಗಕ್ಕೆ ಒತ್ತಿಕೊಂಡು ಇಪ್ಪತ್ತು ನಿಮಿಷ ಸುಮ್ಮನಿರುತ್ತಿದ್ದಳು. ಮೇಲಿನ ಹಲ್ಲಿನ ಸರದಿ ಬಂದಾಗ ವಸಡಿನಲ್ಲಿ ನೇರಳೆಹಣ್ಣಿನ ಬಣ್ಣದ ಒಂದು ಉಬ್ಬು ಕಾಣಿಸಿ ನಾವು ಗಾಬರಿಯಾದೆವು. ಹೊರಬರುವ ಹಲ್ಲಿನ ಮೇಲೆ ರಕ್ತ, ದ್ರವ ಸೇರಿ ಹಾಗಾಗುವುದುಂಟು, ಚುಚ್ಚಬೇಕಿಲ್ಲ, ಹಲ್ಲೇ ಅದನ್ನು ಒಡೆದುಕೊಂಡು ಬರುತ್ತದೆ ಎಂದರು ವೈದ್ಯರು. ಹಾಗೆಯೇ ಆಯಿತು.

ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ ಕೊಡಿ, ಫ್ರೀಜರಿನಲ್ಲಿ ಇಡಬೇಡಿ ಎಂದು ಡಬ್ಬಿಯ ಮೇಲಿದೆ. ಇದು ಸರಿಯಾದ ಸೂಚನೆ, ಏಕೆಂದರೆ ಗಡ್ಡೆ ಕಟ್ಟಿದ ವಸ್ತು ಎಳೆಯ ವಸಡಿಗೆ ನೋವುಂಟುಮಾಡುತ್ತದೆ. ಆದರೆ ಜುಲೈ ತಿಂಗಳಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟಿಲ್ಲದ ನಮ್ಮ ಕಡೆ ಫ್ರಿಜ್ಜೆಂಬುದು ಬರಿಯ ಕಪಾಟು. ಕುದಿಸಿ ಆರಿಸಿದ ನೀರನ್ನು ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಬಳೆಯನ್ನು ಅದರಲ್ಲಿ ಮುಳುಗಿಸಿ, ಮುಚ್ಚಿ ಕಿಟಕಿಯ ಬಳಿ ಇಟ್ಟರೆ ಬೆಳಗ್ಗೆ ಬೇಕಾದಷ್ಟು ತಂಪಾಗಿರುತ್ತಿತ್ತು.

ನನ್ನ ನಿಜವಾದ ತಕರಾರು ಡಬ್ಬಿಯ ಹಿಂಬದಿಯ ಪಟ್ಟಿಯ ಬಗ್ಗೆ. ಜೊಲ್ಲು, ಕಿರಿಕಿರಿ, ನಿದ್ರೆಗೆಡುವುದು ಇವುಗಳ ಜೊತೆಗೇ ಜ್ವರ, ಭೇದಿ, ಕಿವಿ ಎಳೆದುಕೊಳ್ಳುವುದು ಎಲ್ಲವನ್ನೂ ಹಲ್ಲಿನ ಲಕ್ಷಣಗಳೆಂದು ಬರೆದು, ಎಲ್ಲಕ್ಕೂ ಈ ಬಳೆಯೇ ಉಪಶಮನವೆಂದು ಮುದ್ರಿಸಿದ್ದಾರೆ. ಆಗಸ್ಟಿನಲ್ಲಿ ಮಗಳಿಗೆ ಮೈ ಕಾದು, ಎಡಗಿವಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳತೊಡಗಿದಾಗ, "ಹಲ್ಲು ಬರ್ತಾ ಉಂಟಲ್ಲ, ಅದಕ್ಕೇ" ಎಂದರು ಅತ್ತೆ. ಡಬ್ಬಿಯೂ ಅದನ್ನೇ ಹೇಳುತ್ತಿದ್ದುದರಿಂದ ನಾನೂ ನಂಬಿ ಎರಡು ರಾತ್ರಿ ಬಳೆ ಕೊಟ್ಟು ಕಾದೆ. ಮೂರನೆಯ ಬೆಳಗ್ಗೆ ಥರ್ಮಾಮೀಟರಿನಲ್ಲಿ 102 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ವೈದ್ಯರು ದೀಪ ಹಾಕಿ ಕಿವಿಯೊಳಗೆ ನೋಡಿದಾಗ ತಮಟೆ ಕೆಂಪಗೆ ಊದಿತ್ತು. ಅದು ಮಧ್ಯಕಿವಿಯ ಸೋಂಕಾಗಿತ್ತು.

ಕಿವಿ ಎಳೆದುಕೊಳ್ಳುವುದು ಹಲ್ಲಿನಿಂದಲೂ ಆಗಬಹುದು ಎಂಬುದೇ ಇಲ್ಲಿನ ತೊಡಕು. ದವಡೆಗೂ ಕಿವಿಯ ಸುತ್ತಿಗೂ ಹೋಗುವ ನರಗಳು ಒಂದೇ ಬುಡದ ಕವಲುಗಳಾದ್ದರಿಂದ ವಸಡಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಜೊತೆಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರವಿದ್ದರೆ ಹಲ್ಲಿನ ಮೇಲೆ ಹೊರಿಸುವಂತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವೊಂದರ ಪ್ರಕಾರ, ಹಲ್ಲು ಬರುವಾಗ ಮುಖ್ಯವಾಗಿ ಕಾಣುವುದು ವಸಡಿನ ತುರಿಕೆ, ಕಿರಿಕಿರಿ, ಜೊಲ್ಲು. ಮೈಬಿಸಿ ಸ್ವಲ್ಪ ಏರಿದರೂ ಜ್ವರವೆನ್ನುವ ಮಟ್ಟ ಮುಟ್ಟುವುದಿಲ್ಲ. ಭೇದಿಯ ವಿಷಯವೂ ಹೀಗೆಯೇ: ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗುವುದೂ, ಅಂಬೆಗಾಲಿಕ್ಕಿ ಸಿಕ್ಕಿದ್ದನ್ನು ನೆಕ್ಕುವುದೂ, ಹಲ್ಲು ಮೂಡುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಆಗುವುದರಿಂದ ಹಲ್ಲಿಗೆ ಕೆಟ್ಟ ಹೆಸರು ಬಂದಿದೆ.

ಬಳೆಯ ಜೊತೆಗೆ ವಸಡು ಮರಗಟ್ಟಿಸುವ ಜೆಲ್ಲನ್ನೂ ಅಂಗಡಿಯವರು ಮುಂದಿಟ್ಟಿದ್ದರು, ನಾವು ಕೊಳ್ಳಲಿಲ್ಲ. ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧ ಇರುವ ಜೆಲ್ಲುಗಳು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಅಪಾಯಕರವಾಗಿ ಕುಗ್ಗಿಸಬಲ್ಲವೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳಿಗೆ ಅವನ್ನು ಹಚ್ಚಬಾರದೆಂದು ಎಚ್ಚರಿಸಿದೆ. ಸ್ಯಾಲಿಸಿಲೇಟ್ (ಆಸ್ಪಿರಿನ್ ಜಾತಿಯ ನೋವುನಿವಾರಕ) ಇರುವ ಬಾಯಿಹುಣ್ಣಿನ ಜೆಲ್ಲುಗಳನ್ನು 16 ವರ್ಷದೊಳಗಿನವರಿಗೆ ಬಳಸಬಾರದೆಂದು ಬ್ರಿಟನ್ 2009ರಲ್ಲೇ ಹೇಳಿದೆ. ಶುಭ್ರವಾಗಿ ತೊಳೆದ ಬೆರಳಿನಿಂದ ವಸಡನ್ನು ಮೆಲ್ಲಗೆ ಉಜ್ಜಿದರೆ ಇವೆರಡೂ ಬೇಕಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಬಳೆಯ ಇನ್ನೊಂದು ದೋಷ ಬಯಲಾಯಿತು. ಟೊಳ್ಳಿನ ಬದಿಯನ್ನು ಹಿಂಡಿದಾಗ ರಂಧ್ರದಿಂದ ಮಸಿಯಂಥ ಚೂರುಗಳಿದ್ದ ನೀರು ಬಂತು. ಬ್ಲೇಡಿನಿಂದ ಸೀಳಿ ನೋಡಿದರೆ ಒಳಗೋಡೆಗೆಲ್ಲ ಕಪ್ಪು ಬೂಷ್ಟು. ತೊಳೆಯುವಾಗ ಒಳಗೆ ಹೋದ ನೀರು, ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ನಮ್ಮ ಮಳೆಗಾಲದಲ್ಲಿ ಹೇಗೆ ತಾನೇ ಆರೀತು? ಕೊಡಗಿನಲ್ಲಿ ಮಾರುವ ಸರಕಿಗೆ ಇದು ಸಣ್ಣ ತಪ್ಪಲ್ಲ. ಐದಕ್ಕೆ ನಾಲ್ಕು ಅಂಕ ಕೊಡಬಹುದಾಗಿದ್ದ ಬಳೆಗೆ ಎರಡೇ ಕೊಡುತ್ತಿರುವುದು ಈ ರಂಧ್ರ ಮತ್ತು ಆ ಪಟ್ಟಿ, ಇವೆರಡರಿಂದ.

ಆಮೇಲೆ ರಂಧ್ರವಿಲ್ಲದ, ಒಳಗೆ ನೀರು ತುಂಬಿರದ, ಒಂದೇ ಅಚ್ಚಿನ ಗಟ್ಟಿ ಬಳೆಯನ್ನು 180 ರೂಪಾಯಿಗೆ ಕುಶಾಲನಗರದಿಂದ ತಂದೆವು. ಈಗ ಅವಳಿಗೆ ಹದಿಮೂರು ತಿಂಗಳು; ಮೊದಲ ದವಡೆ ಹಲ್ಲು ಮೂಡುವ ಸೂಚನೆಯಿದೆ. ಅಷ್ಟು ಹಿಂದಕ್ಕೆ ಯಾವ ಬಳೆಯೂ ತಲುಪುತ್ತಿಲ್ಲ. ಬಳೆಯನ್ನು ಬದಿಗೆಸೆದು, ಒದ್ದೆ ಮಾಡಿ ಹುರಿಮಾಡಿಕೊಟ್ಟ ಹತ್ತಿಯ ಬಟ್ಟೆಯನ್ನು ಕೆನ್ನೆಯ ಒಳಬದಿಗೆ ತುರುಕಿಕೊಂಡು ಅವಳು ಅಗಿಯುತ್ತಾಳೆ, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ.