ಯೀಸ್ಟ್ ಸ್ಟ್ರೇನ್ ತರಿಸುವ ಆರು ವರ್ಷದ ಅನುಭವ: ಬಿಟ್ಟಿ ಸಿಕ್ಕಿದ್ದೇ ದುಬಾರಿಯಾಯಿತು

ದೇರಳಕಟ್ಟೆ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಆರು ವರ್ಷದಿಂದ ಯೀಸ್ಟ್ ಸಾಕುತ್ತಿದ್ದೇನೆ. ದನ ಸಾಕಿದ ಹಾಗೆಯೇ, ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು. ಸ್ಟ್ರೇನ್ ಅಂದರೆ ಯೀಸ್ಟಿನ ತಳಿ; ಅದನ್ನು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ತರಿಸಿದ್ದೇನೆ, ಜರ್ಮನಿಯ ಯೂರೋಸ್ಕಾರ್ಫ್ ಎಂಬ ಯೀಸ್ಟ್ ಸಂಗ್ರಹದಿಂದಲೂ ತರಿಸಿದ್ದೇನೆ. ಪರಿಚಯದ ಲ್ಯಾಬಿನಿಂದ ಬಿಟ್ಟಿಯಾಗಿ ತಂದದ್ದೂ ಉಂಟು. ಆ ಬಿಟ್ಟಿ ಸ್ಟ್ರೇನಿನ ಕಥೆ ಮೊದಲು ಹೇಳುತ್ತೇನೆ.

ಆಗ ನಮಗೆ ಬೇಕಿದ್ದದ್ದು ಬಿವೈ4741 ಎಂಬ ಲ್ಯಾಬ್ ಸ್ಟ್ರೇನ್. "ಅದಕ್ಕೆಂಥ ದುಡ್ಡು ಹಾಕುವುದು ಮಾರಾಯ್ರೆ, ನಮ್ಮಲ್ಲೇ ಉಂಟಲ್ಲ" ಅಂದರು ಒಬ್ಬರು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದ ಪ್ಲೇಟ್ ಬಂತು. ಯುಆರ್‌ಎ3 ಜೀನ್ ಇರುವ ಪ್ಲಾಸ್ಮಿಡ್ (ಡಿಎನ್‌ಎಯ ಸಣ್ಣ ಉಂಗುರ) ಹಾಕಿ, ಯುರಾಸಿಲ್ ಎಂಬ ಪೋಷಕಾಂಶ ಇಲ್ಲದ ಪ್ಲೇಟಿಗೆ ಹರಡಿದೆವು. ಮೂರನೇ ದಿನ ನೋಡಿದರೆ ಪ್ಲೇಟ್ ತುಂಬ ಕೆನೆ ಕಟ್ಟಿದ ಹಾಗೆ ಬೆಳೆದಿದೆ. ಖುಷಿ ಆಯಿತು. ಆಮೇಲೆ ಡಿಎನ್‌ಎ ಹಾಕದ ಕಂಟ್ರೋಲ್ ಪ್ಲೇಟ್ ತೆಗೆದೆ. ಅದರಲ್ಲೂ ಅಷ್ಟೇ ಕೆನೆ!

ಬಿವೈ4741ರಲ್ಲಿ ಯುರಾಸಿಲ್ ತಯಾರಿಸಲು ಬೇಕಾದ ಯುಆರ್‌ಎ3 ಜೀನೇ ಇಲ್ಲ. ಯುರಾಸಿಲ್ ಕೊಡದೆ ಅದು ಬೆಳೆಯಲೇಬಾರದು. ನಾವು ಮೀಡಿಯಾದ, ಅಂದರೆ ಯೀಸ್ಟಿನ ಮೇವಿನ, ಮೇಲೆ ಅನುಮಾನಪಟ್ಟು ಮೂರು ಸಲ ಹೊಸದಾಗಿ ಮಾಡಿದೆವು. ಸ್ಟ್ರೇನೇ ಬೇರೆ ಎಂದು ಗೊತ್ತಾಗುವಾಗ ಎರಡು ತಿಂಗಳು ಹೋಗಿತ್ತು. ಯಾರೋ ಯಾವಾಗಲೋ ಪ್ಲೇಟ್ ಅದಲುಬದಲು ಮಾಡಿರಬೇಕು.

ಅಂದಿನಿಂದ ಮೂಲದಿಂದಲೇ ತರಿಸುವುದು. ಎಂಟಿಸಿಸಿಯದ್ದು ಒಣಗಿಸಿದ ಪುಡಿ, ಗಾಜಿನ ಆಂಪೂಲಿನಲ್ಲಿ ಬರುತ್ತದೆ. ಒಡೆಯುವುದು ಒಂದು ಕಲೆಯೇ. ಗಾಜಿನ ಮೇಲೆ ಅರದಿಂದ ಗೀರು ಹಾಕಿ, ಆಲ್ಕೋಹಾಲಿನಲ್ಲಿ ಒರೆಸಿ, ಬಟ್ಟೆ ಸುತ್ತಿ ಟಕ್ ಎಂದು ಮುರಿಯಬೇಕು. ಸ್ವಲ್ಪ ಮೀಡಿಯಾ ಹಾಕಿ ಪುಡಿ ಕರಗಿಸಿ ಪ್ಲೇಟಿಗೆ ಹಾಕಿದರೆ ಆಯಿತು. ಮರುದಿನವೇ ಕಾಲೊನಿ ಕಾಣಲಿಲ್ಲ ಎಂದು ಬಿಸಾಡಬೇಡಿ. ಒಣಗಿ ಮಲಗಿದ್ದು ಏಳಲು ಒಂದೆರಡು ದಿನ ಜಾಸ್ತಿ ತೆಗೆದುಕೊಳ್ಳುತ್ತದೆ.

ಯೂರೋಸ್ಕಾರ್ಫ್‌ನ ಪಟ್ಟಿಯಲ್ಲಿ ಒಂದೊಂದು ಜೀನ್ ತೆಗೆದ ಸ್ಟ್ರೇನ್‌ಗಳ ಇಡೀ ಸಂಗ್ರಹವೇ ಸಿಗುತ್ತದೆ. ಯೀಸ್ಟಿನ ಸುಮಾರು 6,000 ಜೀನ್‌ಗಳಲ್ಲಿ ಸುಮಾರು 1,000 ತೆಗೆದರೆ ಕೋಶ ಬದುಕುವುದೇ ಇಲ್ಲ. ಹಾಗಾಗಿ ಪ್ರತಿ ಜೀನಿನ ಒಂದೇ ಪ್ರತಿ ಇರುವ ಹ್ಯಾಪ್ಲಾಯ್ಡ್ ಸೆಟ್‌ನಲ್ಲಿ ಅವು ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ತೆಗೆದ ಜೀನಿನ ಜಾಗದಲ್ಲಿ ಆಂಟಿಬಯಾಟಿಕ್ ತಡೆದುಕೊಳ್ಳುವ ಶಕ್ತಿ ಕೊಡುವ ಕ್ಯಾನ್‌ಎಂಎಕ್ಸ್ ಕ್ಯಾಸೆಟ್ ಎಂಬ ಡಿಎನ್‌ಎ ತುಂಡು ಕೂತಿರುತ್ತದೆ. ಹೆಸರು ನೋಡಿ ನಮ್ಮ ಹುಡುಗ ಕ್ಯಾನಮೈಸಿನ್ ಹಾಕಿ ಸೆಲೆಕ್ಷನ್ ಮಾಡಿದ, ಅಂದರೆ ಕ್ಯಾಸೆಟ್ ಇರುವ ಯೀಸ್ಟ್ ಮಾತ್ರ ಉಳಿಯಲಿ ಎಂದು. ಯೀಸ್ಟಿಗೆ ಅದು ನಾಟುವುದಿಲ್ಲ, ಅದೇ ಜಾತಿಯ ಜಿ418 ಎಂಬ ಇನ್ನೊಂದು ಔಷಧ ಬೇಕು. ಸಿಂಥೆಟಿಕ್ ಮೀಡಿಯಾದಲ್ಲಾದರೆ ಅಮೋನಿಯಂ ಸಲ್ಫೇಟ್ ಇರುವಾಗ ಜಿ418 ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರ ಬದಲು ಮೋನೋಸೋಡಿಯಂ ಗ್ಲುಟಮೇಟ್ ಹಾಕುತ್ತೇವೆ. ಹೌದು, ಗೋಬಿ ಮಂಚೂರಿಗೆ ಹಾಕುವ ಅದೇ ಉಪ್ಪು.

ಇವು ಜೀನ್ ಬದಲಿಸಿದ ಯೀಸ್ಟ್. ಆದ್ದರಿಂದ ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಜೊತೆ ಆರ್ಡರಿಗೆ ಮೊದಲೇ ಮಾತಾಡಿ. ನಮ್ಮ ಒಂದು ಪಾರ್ಸೆಲ್ ಏಜೆಂಟರು ಒಂದು ಕಾಗದ ಬಿಟ್ಟದ್ದಕ್ಕೆ ಜೂನ್ ಮಳೆಯಲ್ಲಿ 11 ದಿನ ಎಲ್ಲೋ ಕೂತಿತ್ತು. ಮನೆಯಲ್ಲಿ ಪ್ಯಾಂಟಿಗೂ ಬೂಸ್ಟು ಹಿಡಿಯುವ ಕಾಲ. ಆದರೂ ಯೀಸ್ಟ್ ಬದುಕಿ ಬಂತು. ಗಟ್ಟಿ ಜೀವ.

ಆರ್ಡರ್ ಹಾಕುವ ಮೊದಲು ನಾನು ಕೂತುಕೊಳ್ಳುವುದು ಎಸ್‌ಜಿಡಿ ಎಂಬ ಯೀಸ್ಟ್ ಜೀನೋಮ್ ಡೇಟಾಬೇಸ್‌ನಲ್ಲಿ. ದುಡ್ಡಿಲ್ಲ. ಯಾವ ಜೀನ್ ತೆಗೆದರೆ ಏನಾಗುತ್ತದೆ ಎಂಬುದೆಲ್ಲ ಒಂದೇ ಪುಟದಲ್ಲಿ. ಯುಆರ್‌ಎ3ಗೆ ಅಲ್ಲಿ ವೈಇಎಲ್021ಡಬ್ಲ್ಯೂ ಎಂಬ ಇನ್ನೊಂದು ಹೆಸರಿದೆ. ಶುರುವಿನಲ್ಲಿ ಬಸ್ ಪಾಸ್ ನಂಬರಿನ ಹಾಗೆ ಕಾಣುತ್ತದೆ, ಆದರೆ ಅದು ವಿಳಾಸ. ಇ ಅಂದರೆ ಐದನೇ ಕ್ರೋಮೋಸೋಮ್, ಎಲ್ ಅಂದರೆ ಎಡಗೈ, ಕ್ರೋಮೋಸೋಮಿನ ಎರಡು ಕೈ ಕೂಡುವ ಸೆಂಟ್ರೋಮಿಯರ್‌ನಿಂದ ಎಣಿಸಿದರೆ 21ನೇ ಮನೆ. ಕೊನೆಯ ಡಬ್ಲ್ಯೂ ಯಾವ ಎಳೆ ಎಂದು ಹೇಳುತ್ತದೆ. ಪೋಸ್ಟ್‌ಮ್ಯಾನಿಗೂ ಇಷ್ಟು ಸರಿಯಾದ ವಿಳಾಸ ಸಿಗಲಿಕ್ಕಿಲ್ಲ.

ಒಂದು ಕಿವಿಮಾತು. ಬಿವೈ ಸ್ಟ್ರೇನ್‌ಗಳೆಲ್ಲ ಎಸ್288ಸಿ ಎಂಬ ಹಳೆಯ ಲ್ಯಾಬ್ ಸ್ಟ್ರೇನಿನ ಕುಟುಂಬದವು. 1938ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಕೊಳೆತ ಅಂಜೂರದಿಂದ ತೆಗೆದ ಯೀಸ್ಟ್ ಇದರ ಮುಖ್ಯ ಪೂರ್ವಜ. ಲ್ಯಾಬಿನಲ್ಲಿ ಸಾಧು, ಒಂದಕ್ಕೊಂದು ಅಂಟುವುದಿಲ್ಲ. ಯಾಕೆಂದರೆ ಅಂಟಲು ಬೇಕಾದ ಎಫ್‌ಎಲ್‌ಒ8 ಜೀನ್ ಕೆಟ್ಟಿದೆ. ಇದು ಗೊತ್ತಿಲ್ಲದೆ, ನೂಲಿನ ಹಾಗೆ ಉದ್ದುದ್ದ ಬೆಳೆಯುವುದನ್ನು ನೋಡಲು ಬಿವೈ4741 ಇಟ್ಟುಕೊಂಡು ನಾವು ಮೂರು ವಾರ ಕಾದೆವು. ಅದಕ್ಕೆ ಬೇಕಾದದ್ದು ಸಿಗ್ಮಾ1278ಬಿ ಎಂಬ ಬೇರೆ ಸ್ಟ್ರೇನ್. ಕ್ಯಾಟಲಾಗಿನಲ್ಲಿ ಹೆಸರು ಸಿಕ್ಕಿತು ಎಂದು ಆರ್ಡರ್ ಹಾಕುವುದಲ್ಲ, ಯಾವ ಜೀನ್ ಇಲ್ಲ, ಯಾವುದು ಕೆಟ್ಟಿದೆ ಎಂದು ಹೇಳುವ ಜೀನೋಟೈಪ್ ಸಾಲನ್ನು ಪೂರ್ತಿ ಓದಬೇಕು ಅಲ್ವಾ.

ಈಗ ಯಾರೇ ಕೊಡಲಿ, ಎಲ್ಲೇ ತರಿಸಲಿ, ಬಂದ ದಿನವೇ ಯುರಾಸಿಲ್, ಲ್ಯೂಸಿನ್, ಹಿಸ್ಟಿಡಿನ್ ಒಂದೊಂದಾಗಿ ಬಿಟ್ಟ ಪ್ಲೇಟುಗಳಿಗೆ ಗೀಟು ಎಳೆಯುತ್ತೇನೆ. ಬೆಳೆಯಬಾರದ ಕಡೆ ಬೆಳೆಯದಿದ್ದರೆ ಮಾತ್ರ ಗ್ಲಿಸರಾಲ್ ಬೆರೆಸಿ ಸ್ಟಾಕ್ ಮಾಡಿ ಮೈನಸ್ 80 ಡಿಗ್ರಿ ಫ್ರೀಜರಿಗೆ. ಒಟ್ಟಾರೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಕಾಗದಪತ್ರದ ಓಡಾಟಕ್ಕೆ.

ಸನ್ನಾ ಹಿಟ್ಟಿಗೆ ಹಾಕುವ ಶೇಂದಿಯಿಂದ ನಾವೇ ತೆಗೆದ ಒಂದು ಯೀಸ್ಟ್ ಕೂಡ ಅದೇ ಫ್ರೀಜರಿನಲ್ಲಿದೆ. ಅದು ಯಾವ ಕ್ಯಾಟಲಾಗಿನಲ್ಲೂ ಇಲ್ಲ, ಕಳೆದುಹೋದರೆ ಮತ್ತೆ ತರಿಸಲಿಕ್ಕಾಗದು. ಗಾಳಿಮಳೆಗೆ ಕರೆಂಟ್ ಹೋದಾಗಲೆಲ್ಲ ಅದರದ್ದೇ ಚಿಂತೆ. ಕಳೆದ ವರ್ಷ ಅದರ ಎರಡು ಟ್ಯೂಬನ್ನು ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಮಣಿಪಾಲದ ಗೆಳೆಯನಿಗೆ ಕೊಟ್ಟು ಬಂದೆ. ಹೆಸರು ಮಾರ್ಕರ್‌ನಲ್ಲಿ ಬರೆಯಲಿಲ್ಲ, ಲೇಬಲ್ ಪ್ರಿಂಟ್ ಮಾಡಿಸಿಯೇ ಅಂಟಿಸಿದ್ದೆ.