ಹಾರ್ಡ್‌ಟಾಪ್ ಸ್ಪೋರ್ಟ್ಸ್ ಕ್ರೂಸರ್: ಎಂಜಿನ್ ಆಮೇಲೆ ನೋಡಿ, ಮೊದಲು ಚಾವಣಿ ನೋಡಿ

ಮಳೆ ನಿಂತು ಗಂಟೆ ಎರಡು ಗಂಟೆ ಆದ ಮೇಲೆ, ಆಕಾಶ ತಿಳಿಯಾದಾಗ, ಸ್ಟೀರಿಂಗ್ ಸೀಟಿನ ಮೇಲೆ ಟಪ್ ಅಂತ ಒಂದು ಹನಿ ಬೀಳುತ್ತದೆ. ಹಾರ್ಡ್‌ಟಾಪ್ ಬೋಟು ಇಟ್ಟುಕೊಂಡವರನ್ನು ಕೇಳಿದರೆ ಹತ್ತರಲ್ಲಿ ಎಂಟು ಜನ ಎಂಜಿನ್ ಬಗ್ಗೆ ದೂರುವುದಿಲ್ಲ, ಈ ಹನಿಯ ಬಗ್ಗೆ ದೂರುತ್ತಾರೆ. ನನ್ನ ದೂರೂ ಅದೇ.

ನನ್ನದು 36 ಅಡಿಯ ಬೋಟು. ಎರಡು ಡೀಸೆಲ್ ಎಂಜಿನ್, ಎರಡು ಸ್ಟರ್ನ್‌ಡ್ರೈವ್ (ಬೋಟಿನ ಹಿಂದೆ ಹೊರಚಾಚಿ ಪ್ರೊಪೆಲ್ಲರ್ ತಿರುಗಿಸುವ ಘಟಕ), ತಲೆಯ ಮೇಲೆ ಗಟ್ಟಿ ಫೈಬರ್ ಚಾವಣಿ, ಅದರ ನಡುವೆ ವಿದ್ಯುತ್ತಿನಿಂದ ಸರಿಯುವ ದೊಡ್ಡ ಸನ್‌ರೂಫ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹ್ಯಾಂಬಲ್ ನದಿಯಲ್ಲಿ ವರ್ಷವಿಡೀ ನೀರಿನಲ್ಲೇ ನಿಂತಿರುತ್ತದೆ. ಕಟ್ಟಿದ ಕಂಪನಿಯ ಹೆಸರು ಹಾಕುತ್ತಿಲ್ಲ. ಈ ತೊಂದರೆ ಒಂದು ಕಂಪನಿಗೆ ಸೇರಿದ್ದಲ್ಲ, ಸನ್‌ರೂಫ್ ಇರುವ ಈ ಜಾತಿಯ ಬೋಟುಗಳಿಗೆಲ್ಲ ಸೇರಿದ್ದು. ಸೀಲೈನ್, ಫೇರ್‌ಲೈನ್, ಪ್ರಿನ್ಸೆಸ್, ಬವೇರಿಯಾ, ಜನ್ನೋ ಯಾವುದನ್ನೇ ನೋಡಲು ಹೋಗುತ್ತಿದ್ದರೂ ಕೆಳಗಿನದ್ದನ್ನು ಓದಿಕೊಂಡು ಹೋಗಿ. ಉದ್ದ, ಅಗಲ, ಎಷ್ಟು ಹಾಸಿಗೆ ಅನ್ನುವುದೆಲ್ಲ ಜಾಹೀರಾತಿನಲ್ಲೇ ಇರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ.

ಸನ್‌ರೂಫ್ ನೀರನ್ನು ಪೂರ್ತಿ ತಡೆಯುತ್ತದೆ ಅಂದುಕೊಂಡರೆ ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ. ಸುತ್ತಲಿನ ರಬ್ಬರ್ ಬಹುಪಾಲು ನೀರನ್ನು ತಡೆಯುತ್ತದೆ. ದಾಟಿ ಬಂದ ನೀರು ಹಳಿಯ ಪಕ್ಕದ ಚಾನೆಲ್‌ಗೆ ಬಿದ್ದು, ನಾಲ್ಕು ಮೂಲೆಯ ರಂಧ್ರಗಳ ಮೂಲಕ ಬೆರಳಿಗಿಂತ ಸಣ್ಣ ಪೈಪುಗಳಲ್ಲಿ ಇಳಿದು ಡೆಕ್ಕಿಗೆ ಹೋಗಬೇಕು. ಈ ಪೈಪುಗಳು ಚಾವಣಿ ಹೊತ್ತ ಕಂಬಗಳ ಒಳಗೆ ಅಡಗಿರುತ್ತವೆ. ಉಪ್ಪು, ಹಸಿರು ಪಾಚಿ, ಕಡಲಹಕ್ಕಿಯ ಹಿಕ್ಕೆ, ದಡದ ಮರದ ಎಲೆಚೂರು ಎಲ್ಲ ಸೇರಿ ಕೆಸರಿನ ಬಿರಡೆಯಾಗಿ ಒಂದು ಪೈಪು ಕಟ್ಟಿಕೊಂಡರೆ ಸಾಕು, ಚಾನೆಲ್ ತುಂಬಿ ಒಳಗಿನ ಅಂಚನ್ನು ದಾಟುತ್ತದೆ. ದಾಟಿದ ನೀರು ನೇರ ಕೆಳಗೆ ಬೀಳುವುದಿಲ್ಲ. ಚಾವಣಿಯ ಒಳಮೈಗೆ ಹೊದಿಸಿದ ಹೆಡ್‌ಲೈನಿಂಗ್ ಬಟ್ಟೆಯ ಹಿಂದಿನ ಸ್ಪಂಜು ಕುಡಿದಷ್ಟು ಕುಡಿಯುತ್ತದೆ, ಮಿಕ್ಕಿದ್ದು ವೈರಿನ ಕೊಳವೆ ಹಿಡಿದು ಹರಿದು ಎಲ್ಲೋ ಒಂದು ದೀಪದ ರಂಧ್ರದಲ್ಲಿ ಹನಿಯುತ್ತದೆ. ಹನಿ ಬೀಳುವ ಜಾಗಕ್ಕೂ ಸೋರುವ ಜಾಗಕ್ಕೂ ಒಂದು ಮೀಟರ್ ಅಂತರ ಇರುವುದು ಮಾಮೂಲು. ಮಳೆ ನಿಂತ ಮೇಲೆ ಹನಿ ಶುರುವಾಗುವುದೂ ಇದಕ್ಕೇ.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ನಿಂತ ಬೋಟು ಯಾವಾಗಲೂ ಮಟ್ಟಸವಾಗಿರುವುದಿಲ್ಲ. ಎಂಜಿನ್‌ಗಳೂ ಡೀಸೆಲ್ ಟ್ಯಾಂಕೂ ಹಿಂದಿರುವುದರಿಂದ ಹಿಂಭಾಗ ಸ್ವಲ್ಪ ತಗ್ಗುತ್ತದೆ, ಹಾಗಾಗಿ ಹಿಂದಿನ ಎರಡು ಪೈಪುಗಳೇ ಎಲ್ಲ ನೀರನ್ನೂ ಸಾಗಿಸಬೇಕು. ಲಂಗರಿನ ಸರಪಳಿ ಹೊರಗಿದ್ದರೆ, ಕುಡಿಯುವ ನೀರಿನ ಟ್ಯಾಂಕು ತುಂಬಿದ್ದರೆ ಅಥವಾ ಬರಿದಾಗಿದ್ದರೆ, ಈ ಓರೆ ಬದಲಾಗುತ್ತದೆ. ಮಾರುವವರು ದಡದ ಸ್ಟ್ಯಾಂಡಿನ ಮೇಲೆ ಇಟ್ಟ ಬೋಟಿಗೆ ನೀರು ಹಾಯಿಸಿ "ನೋಡಿ, ಸೋರುವುದಿಲ್ಲ" ಎಂದು ತೋರಿಸಿದರೆ ಒಪ್ಪಬೇಡಿ. ಸ್ಟ್ಯಾಂಡಿನ ಓರೆ ಬೇರೆ, ನೀರಿನ ಮೇಲಿನ ಓರೆ ಬೇರೆ.

ಸೋರಿಕೆಯೋ ಬೆವರೋ ಅನ್ನುವುದನ್ನೂ ಮೊದಲು ಬೇರ್ಪಡಿಸಿಕೊಳ್ಳಬೇಕು. ಚಳಿಗಾಲದಲ್ಲಿ ಮಳೆಯೇ ಇಲ್ಲದ ಬೆಳಗ್ಗೆ ಅಲ್ಯೂಮಿನಿಯಂ ಚೌಕಟ್ಟಿನ ಉದ್ದಕ್ಕೂ ಸಾಲಾಗಿ ಹನಿ ಕೂತಿದ್ದರೆ ಅದು ರಾತ್ರಿ ಮಲಗಿದ್ದವರ ಉಸಿರಿನ ತೇವ. ಮಳೆಯಾದ ಮೇಲೆ ಒಂದೇ ಜಾಗದಲ್ಲಿ ಬಿದ್ದರೆ ಸೋರಿಕೆ. ಅಲೆಯ ಎರಚಲಿನಲ್ಲಿ ಓಡಿಸಿ ಬಂದ ಮೇಲೆ ಬಿದ್ದ ಹನಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪಾಗಿದ್ದರೆ ಮುಂದಿನ ಅಂಚಿನ ರಬ್ಬರ್ ಸೋತಿದೆ ಅಂತ ಅರ್ಥ. ಬೆವರಿಗೆ ಮದ್ದು ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್. ಬೋಟಿಗೆ ಡೆಸಿಕೆಂಟ್ (ತೇವ ಹೀರುವ ವಸ್ತು) ಮಾದರಿಯದ್ದನ್ನೇ ತರಬೇಕು, ಕಂಪ್ರೆಸರ್ ಇರುವುದು ಚಳಿ ಹೆಚ್ಚಾದಂತೆ ನೀರು ಹಿಂಡುವುದನ್ನು ಕಡಿಮೆ ಮಾಡಿಬಿಡುತ್ತದೆ. ಗ್ಯಾಸ್ ಒಲೆ ಹಚ್ಚಿ ಕ್ಯಾಬಿನ್ ಬೆಚ್ಚಗೆ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ಉಸಿರಾಟಕ್ಕೆ ಅಪಾಯ, ಜೊತೆಗೆ ಗ್ಯಾಸ್ ಉರಿದಾಗ ಹುಟ್ಟುವ ಆವಿಯೆಲ್ಲ ಒಳಗೇ ಉಳಿಯುತ್ತದೆ. ಡೀಸೆಲ್ ಹೀಟರ್‌ನ ಹೊಗೆ ಹೊರಗೆ ಹೋಗುವುದರಿಂದ ಅದರ ಬಿಸಿ ಒಣ ಬಿಸಿ.

ರಬ್ಬರ್ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಸನ್‌ರೂಫ್ ಅಂಚಿನಲ್ಲಿ ಪಟ್ಟಿ ಇಟ್ಟು ಮುಚ್ಚಿ, ಎಳೆದು ನೋಡಿ. ಬಿಗಿಯಾಗಿ ಹಿಡಿದರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಚಪ್ಪಟೆಯಾಗಿದೆ. ಒಂದೊಂದು ಗೇಣಿಗೆ ಒಂದು ಸಲದಂತೆ ಸುತ್ತಲೂ ಮಾಡಿದರೆ ಚಾವಣಿಯ ನಕ್ಷೆಯೇ ಸಿಗುತ್ತದೆ. ಚಪ್ಪಟೆಯಾದ ರಬ್ಬರನ್ನು ಬದಲಾಯಿಸಬೇಕೇ ಹೊರತು ಸಿಲಿಕೋನ್ ಬಳಿಯಬಾರದು. ಹಿಂದಿನ ಮಾಲೀಕರು ಸಿಲಿಕೋನ್ ಮೆತ್ತಿಟ್ಟ ಬೋಟುಗಳನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಿಲಿಕೋನ್ ಕೂತ ಮೇಲೆ ಅದರ ಎಣ್ಣೆಯಂಥ ಪದರ ಉಳಿದುಕೊಂಡು, ಆಮೇಲೆ ಎಷ್ಟು ಒಳ್ಳೆಯ ಸೀಲಂಟ್ ಹಾಕಿದರೂ ಹಿಡಿಯುವುದಿಲ್ಲ. ಫೈಬರ್ ಜೋಡಣೆಗಳಿಗೆ ಸಿಕಾಫ್ಲೆಕ್ಸ್ 291ರಂಥ ಪಾಲಿಯುರೆಥೇನ್ ಬಳಸಿ. ಓಡಾಡುವ ರಬ್ಬರಿಗೆ ಸೋಪುನೀರಿನ ಸ್ನಾನ, ಒಣಗಿದ ಮೇಲೆ ತೆಳ್ಳಗೆ ಸಿಲಿಕೋನ್ ಗ್ರೀಸ್, ಅಷ್ಟೇ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಇಂಥ ಸೀಲುಗಳಿಗೆ ಬಳಸುವ ಇಪಿಡಿಎಂ ಎಂಬ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪೈಪು ಶುದ್ಧಿ ಮಾಡುವುದು ತಿಂಗಳಿಗೊಮ್ಮೆಯ ಕೆಲಸ, ಶರತ್ಕಾಲದ ಎಲೆ ಉದುರುವಾಗ ಎರಡು ಸಲ. ಸನ್‌ರೂಫನ್ನು ಅರ್ಧ ಸರಿಸಿ ನಿಲ್ಲಿಸಿ. ಒಣಗಿದ ಕಸವನ್ನು ಮೊದಲು ವ್ಯಾಕ್ಯೂಮ್‌ನಿಂದ ಎಳೆಯಿರಿ. ನೀರು ಮೊದಲು ಹಾಕಿದರೆ ಅದೇ ಕಸ ಪೈಪಿನೊಳಗೆ ಇಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚಾನೆಲ್‌ನ ಮೂಲೆ ತಿಕ್ಕಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರವನ್ನು ಒಂದೂವರೆ ಮೀಟರ್ ಕತ್ತರಿಸಿಕೊಂಡು, ತುದಿಯನ್ನು ಲೈಟರ್‌ನಿಂದ ಕಾಯಿಸಿ ಗುಂಡಗೆ ಮಾಡಿ, ಮೇಲಿನಿಂದ ತಿರುಗಿಸುತ್ತಾ ಮೆಲ್ಲಗೆ ಇಳಿಸಿ. ತಡೆ ಸಿಕ್ಕರೆ ಒತ್ತಬೇಡಿ, ಹಿಂದೆ ಮುಂದೆ ಆಡಿಸಿ. ಗಾಳಿಯ ಒತ್ತಡ ಹಾಕಿ ಊದಿಸುವವರಿದ್ದಾರೆ, ದಯವಿಟ್ಟು ಬೇಡ. ಕಂಬದೊಳಗಿನ ಜೋಡಣೆ ಕಳಚಿಕೊಂಡರೆ ಪೈಪು ಸಿಗಬೇಕಾದರೆ ಒಳಹೊದಿಕೆಯನ್ನೇ ಬಿಚ್ಚಬೇಕಾಗುತ್ತದೆ. ಕೊನೆಗೆ ಪ್ರತಿ ಮೂಲೆಗೂ ಅರ್ಧ ಲೀಟರ್ ಸಿಹಿನೀರು ಹೊಯ್ದು, ಒಬ್ಬರು ಕೆಳಗೆ ಡೆಕ್ಕಿನ ಬಾಯಲ್ಲಿ ನಿಂತು ನೋಡಿ. ಮೊದಲು ಕಪ್ಪು ನೀರು, ಆಮೇಲೆ ಪಾಚಿಯ ಎಳೆಗಳು, ಆಮೇಲೆ ಗುಳುಗುಳು ಸದ್ದಿನೊಂದಿಗೆ ತಿಳಿನೀರು. ನಾಲ್ಕನೇ ಪೈಪಿನಿಂದಲೂ ಆ ಸದ್ದು ಬಂದಾಗ ಸಿಗುವ ಸಮಾಧಾನ ಎಂಜಿನ್ ಆಯಿಲ್ ಬದಲಾಯಿಸಿದಾಗ ಸಿಗುವುದಿಲ್ಲ.

ಸರಿಯುವ ಹಲಗೆ ಓರೆಯಾಗಿ ಸಿಕ್ಕಿಕೊಳ್ಳುವುದೂ ಉಂಟು. ಎರಡು ಕಡೆಯ ಕೇಬಲ್ ಒಂದೇ ವೇಗದಲ್ಲಿ ಸರಿಯದಿದ್ದರೆ ಹೀಗಾಗುತ್ತದೆ, ಕಾರಣ ಹೆಚ್ಚಾಗಿ ಒಂದು ಹಳಿಯಲ್ಲಿ ಕೂತ ಉಪ್ಪು. ಮೋಟರ್ ನರಳುತ್ತಿರುವಾಗ ಸ್ವಿಚ್ ಒತ್ತಿಕೊಂಡೇ ಇರಬೇಡಿ. ಕೈಯಿಂದ ತಿರುಗಿಸುವ ಹಿಡಿಕೆ ಅಥವಾ ಅಲೆನ್ ಕೀ ಎಲ್ಲಿ ಹಾಕಬೇಕು, ಫ್ಯೂಸ್ ಎಲ್ಲಿದೆ ಎಂಬುದನ್ನು ಬೋಟು ಕೊಳ್ಳುವ ದಿನವೇ ತಿಳಿದುಕೊಳ್ಳಿ. ಮಳೆ ಬರುವಾಗ ಕೈಪಿಡಿ ಹುಡುಕುತ್ತಾ ಕೂರಲಾಗುವುದಿಲ್ಲ.

ಇಷ್ಟೆಲ್ಲ ಕಾಟ ಕೊಡುವ ಚಾವಣಿ ಯಾಕೆ ಬೇಕು? ಕ್ಯಾನ್ವಾಸ್ ಹೊದಿಕೆಯ ಬೋಟು ಇದಕ್ಕಿಂತ ಅಗ್ಗ, ಹಗುರ, ಸೋರಿದರೂ ಹೊಲಿಗೆಗೆ ಮೇಣ ಬಳಿದರೆ ಮುಗಿಯಿತು. ಆದರೂ ಇಲ್ಲಿನ ಹವೆಯಲ್ಲಿ ನಾನು ಹಾರ್ಡ್‌ಟಾಪ್‌ನ ಕಡೆಗೇ ನಿಲ್ಲುತ್ತೇನೆ. ಕಾರಣ ಬಿಸಿಲು ಕಾಯುವ ಸುಖಕ್ಕಿಂತ ದೊಡ್ಡದು.

ಮೊದಲನೆಯದು ಹೊಗೆ. ವೇಗವಾಗಿ ಓಡುವ ಬೋಟಿನ ಹಿಂದೆ ಗಾಳಿಯ ಒತ್ತಡ ಕುಸಿದು, ಎಂಜಿನ್ನಿನ ಹೊಗೆ ತಿರುಗಿ ಹಿಂಬಾಗಿಲಿನಿಂದ ಒಳಗೆ ನುಗ್ಗುತ್ತದೆ. ಮುಂದೆ ಎಲ್ಲ ಮುಚ್ಚಿ ಹಿಂದೆ ಮಾತ್ರ ತೆರೆದಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದು. ಮಕ್ಕಳಿಗೆ ತಲೆನೋವು, ವಾಂತಿ ಬಂದರೆ ಅಲೆಯ ಮೇಲೆ ತಪ್ಪು ಹೊರಿಸುತ್ತೇವೆ, ಎಷ್ಟೋ ಸಲ ತಪ್ಪು ಈ ಹೊಗೆಯದ್ದು. ಸನ್‌ರೂಫನ್ನು ಒಂದು ಗೇಣು ತೆರೆದು, ಪಕ್ಕದ ಮುಂದಿನ ಕಿಟಕಿ ಸ್ವಲ್ಪ ಸರಿಸಿದರೆ ಗಾಳಿ ಮುಂದಿನಿಂದ ಹಿಂದಕ್ಕೆ ಹರಿಯತೊಡಗಿ ವಾಸನೆ ಕಡಿಮೆಯಾಗುತ್ತದೆ. ಮಲಗುವ ಕ್ಯಾಬಿನ್ನಿನಲ್ಲೂ ಕೂರುವ ಕೋಣೆಯಾದ ಸಲೂನಿನಲ್ಲೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಪೆಟ್ರೋಲ್ ಎಂಜಿನ್ ಇದ್ದರಂತೂ ಅಲಾರಂ ಇಲ್ಲದೆ ಹಗ್ಗ ಬಿಚ್ಚಬೇಡಿ.

ಎರಡನೆಯದು ದಡಕ್ಕೆ ಕಟ್ಟುವಾಗಿನ ನೋಟ. ಗಟ್ಟಿ ಚಾವಣಿಯ ಕಂಬಗಳು ದಪ್ಪ, ಹಿಂದಿನ ಮೂಲೆ ಕಾಣುವುದೇ ಇಲ್ಲ. ಸನ್‌ರೂಫ್ ತೆರೆದು ಸೀಟಿನ ಮುಂಭಾಗದ ಮೆಟ್ಟಿಲ ಮೇಲೆ ನಿಂತರೆ ತಲೆ ಹೊರಗೆ ಬರುತ್ತದೆ; ಸುತ್ತಲೂ ಕಾಣುತ್ತದೆ, ಹಿಂದೆ ಹಗ್ಗ ಹಿಡಿದು ನಿಂತವರ ಜೊತೆ ಕೂಗದೆ ಮಾತಾಡಬಹುದು. ಅಡ್ಡಗಾಳಿಗೆ ಎತ್ತರದ ಚಾವಣಿ ಹಾಯಿಯಂತೆ ವರ್ತಿಸಿ ಬೋಟನ್ನು ತಳ್ಳುವುದರಿಂದ ಈ ನೋಟ ಬೇಕೇ ಬೇಕು. ಬೋ ತ್ರಸ್ಟರ್ (ಬೋಟಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಸಣ್ಣ ಪ್ರೊಪೆಲ್ಲರ್) ಇಲ್ಲದ ಹಾರ್ಡ್‌ಟಾಪನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ನೋಡಲು ಹೋದಾಗ ಮನೆಯಲ್ಲಿ ಅತಿ ಕುಳ್ಳಗಿರುವ ಚಾಲಕರನ್ನೇ ಅಲ್ಲಿ ನಿಲ್ಲಿಸಿ ನೋಡಿ, ಅವರ ಕಣ್ಣು ಚಾವಣಿಯ ಅಂಚಿಗಿಂತ ಮೇಲೆ ಬರಬೇಕು.

ಮೂರನೆಯದು ಬರೀ ಸಂತೋಷ. ಹ್ಯಾಂಬಲ್ ನದಿಯಲ್ಲಿ ವೇಗದ ಮಿತಿ 6 ನಾಟ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಆ ನಿಧಾನದಲ್ಲಿ ಸನ್‌ರೂಫ್ ಪೂರ್ತಿ ಸರಿಸಿ ಸೌತಾಂಪ್ಟನ್ ವಾಟರ್‌ಗೆ ಇಳಿಯುವಾಗ ಎರಡೂ ದಡದ ಹಾಯಿಕಂಬಗಳು ತಲೆಯ ಮೇಲೇ ಸಾಗುತ್ತವೆ. ಕರಾವಳಿಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಸೊಲೆಂಟ್ ಜಲಸಂಧಿಯಲ್ಲಿ ಎರಚಲು ಶುರುವಾದ ಕೂಡಲೇ ಒಂದು ಗುಂಡಿ ಒತ್ತಿ ಮುಚ್ಚಿಕೊಂಡು, ಒಣಬಟ್ಟೆಯಲ್ಲೇ ಆ ದ್ವೀಪದ ಯಾರ್ಮತ್ ಬಂದರು ತಲುಪಿ, ಮತ್ತೆ ತೆರೆದು ಚಹಾ ಕುಡಿಯಬಹುದು. ಕ್ಯಾನ್ವಾಸಿನಲ್ಲಿ ಪ್ರತಿ ಸಲವೂ ಗುಂಡಿ, ಜಿಪ್ಪುಗಳ ಜೊತೆ ಗುದ್ದಾಡಬೇಕು, ಹಾಗಾಗಿ ಅನೇಕರು ಮುಚ್ಚಿಯೇ ಇಡುತ್ತಾರೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. 300 ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳು 22ರಿಂದ 25 ನಾಟ್‌ನಲ್ಲಿ ಗಂಟೆಗೆ ಸುಮಾರು 80ರಿಂದ 90 ಲೀಟರ್ ಕುಡಿಯುತ್ತವೆ, 7 ನಾಟ್‌ನಲ್ಲಿ ಹದಿನೈದರ ಒಳಗೆ. ಹ್ಯಾಂಬಲ್‌ನಿಂದ ಯಾರ್ಮತ್ ಸುಮಾರು 15 ನಾಟಿಕಲ್ ಮೈಲಿ. ಹೋಗಿ ಬರುವ ಲೆಕ್ಕ ನೀವೇ ಹಾಕಿಕೊಳ್ಳಿ. ಇಳಿತದ ಪ್ರವಾಹ ಪಶ್ಚಿಮಕ್ಕೆ ಹರಿಯುವ ಹೊತ್ತು ನೋಡಿ ಹೊರಟರೆ ನಿಧಾನದಲ್ಲೂ ಒಳ್ಳೆಯ ದೂರ ಸಾಗುತ್ತದೆ, ನಮ್ಮ ಬಜೆಟ್ಟಿಗೆ ಅದೇ ಒಗ್ಗಿದೆ. ಬೋಟು ನಿಲ್ಲಿಸುವ ಮರೀನಾದ ಬಾಡಿಗೆಯನ್ನು ಮೀಟರ್ ಲೆಕ್ಕದಲ್ಲಿ ಹಾಕುತ್ತಾರೆ, ಹಿಂದಿನ ಈಜು ವೇದಿಕೆಯನ್ನೂ ಸೇರಿಸಿ ಅಳೆಯುತ್ತಾರೆ. ಜಾಹೀರಾತಿನ 36 ಅಡಿ ಬಿಲ್ಲಿನಲ್ಲಿ 38 ಆದರೆ ಗಾಬರಿಯಾಗಬೇಡಿ.

ಸ್ಟರ್ನ್‌ಡ್ರೈವ್ ವರ್ಷಕ್ಕೊಮ್ಮೆ ದಡಕ್ಕೆತ್ತಿಸುವ ಖರ್ಚು ಕೇಳುತ್ತದೆ. ಡ್ರೈವ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ, ಮೀನುಗಾರಿಕೆಯ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿ ಸೀಲ್ ಕತ್ತರಿಸುವುದು ಸಾಮಾನ್ಯ ಕಾರಣ. ಡ್ರೈವ್ ತುಕ್ಕು ಹಿಡಿಯದಂತೆ ತಾನೇ ಕರಗುವ ಲೋಹದ ತುಂಡು ಆನೋಡ್, ಅದು ಅರ್ಧ ಕರಗಿದ್ದರೆ ಬದಲಾಯಿಸಿ. ಬೆಲೋಸ್ ಎಂಬ ರಬ್ಬರ್ ಮಡಿಕೆಗಳನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಹರಿದರೆ ನೀರು ನೇರ ಬೋಟಿನೊಳಕ್ಕೆ ಬರಬಹುದು. ಡ್ರೈವ್ ಅಲ್ಯೂಮಿನಿಯಂ ಆದ್ದರಿಂದ ಕಾಪರ್ ಆಕ್ಸೈಡ್ ಇರುವ ಬಣ್ಣ ತಾಗಿಸಬಾರದು. ಬೋಟು ನಿಲ್ಲಿಸುವಾಗ ಡ್ರೈವನ್ನು ಪೂರ್ತಿ ಕೆಳಗಿಳಿಸಿಡಿ, ಎತ್ತಿಟ್ಟರೆ ಹೊರಚಾಚಿದ ಹೈಡ್ರಾಲಿಕ್ ಕಂಬಿಯ ಮೇಲೆ ಚಿಪ್ಪುಜೀವಿಗಳು ಅಂಟಿ, ಇಳಿಸಿದಾಗ ಸೀಲನ್ನು ಸೀಳುತ್ತವೆ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಮಳೆ ಬಂದ ಮರುದಿನವೇ ಹೋಗಿ. ಎಂಜಿನ್ ಬಿಸಿ ಮಾಡಿಡಬೇಡಿ ಎಂದು ಮೊದಲೇ ಹೇಳಿ, ತಣ್ಣಗಿನ ಎಂಜಿನ್ ಹೇಗೆ ಹೊತ್ತಿಕೊಳ್ಳುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಎಂದು ನೋಡಬೇಕು. ಪೂರ್ತಿ ಥ್ರಾಟಲ್‌ನಲ್ಲಿ ನಿಗದಿತ ಆರ್‌ಪಿಎಂ ಮುಟ್ಟದಿದ್ದರೆ ತಳದಲ್ಲಿ ಪಾಚಿ ಅಥವಾ ತಪ್ಪು ಪ್ರೊಪೆಲ್ಲರ್, ಇಲ್ಲವೇ ಎಂಜಿನ್ನಿನದ್ದೇ ತೊಂದರೆ. ಬೋಟು ನೀರಿನ ಮೇಲಿರುವಾಗಲೇ ಚಾವಣಿಗೆ ಹೋಸ್ ಹಿಡಿದು ಇಪ್ಪತ್ತು ನಿಮಿಷ ನೀರು ಬಿಡಿ, ಅರ್ಧ ಗಂಟೆ ಕಾಯಿರಿ, ದೀಪಗಳ ಸುತ್ತ ಅಂಗೈ ಒತ್ತಿ ನೋಡಿ. ಹೆಡ್‌ಲೈನಿಂಗ್‌ನಲ್ಲಿ ಚಹಾ ಬಣ್ಣದ ಕಲೆ ಇದ್ದರೆ ಅದು ಹಳೆಯ ಸೋರಿಕೆಯ ಗುರುತು. ಹೊಸ ಬಟ್ಟೆ ಹಾಕಿಸಿದ್ದರೆ ಯಾಕೆ ಹಾಕಿಸಿದರು ಎಂದು ಕೇಳಿ, ರಸೀದಿ ನೋಡಿ.

ಇಂಗ್ಲೆಂಡಿನಲ್ಲಿ ಬ್ರೋಕರ್ ಮೂಲಕ ಕೊಂಡರೆ ಸಾಮಾನ್ಯವಾಗಿ ಶೇ. 10 ಮುಂಗಡ ಕೊಟ್ಟು, ಸರ್ವೆ (ತಜ್ಞರ ತಪಾಸಣೆ) ಮತ್ತು ಸಮುದ್ರ ಪರೀಕ್ಷೆಗೆ ಒಳಪಟ್ಟು ಎಂಬ ಷರತ್ತಿನಲ್ಲಿ ಸಹಿ ಮಾಡುತ್ತೇವೆ. ಸರ್ವೇಯರ್ ತಳ, ಎಂಜಿನ್ ಕೋಣೆ ಎಲ್ಲ ನೋಡುತ್ತಾರೆ, ಆದರೆ ಚಾವಣಿಗೆ ನೀರು ಹಾಯಿಸಿ ನೋಡುವುದು ಎಲ್ಲರ ಪಟ್ಟಿಯಲ್ಲಿರುವುದಿಲ್ಲ; ಕೆಲಸ ಒಪ್ಪಿಸುವ ಮೊದಲೇ ಬರಹದಲ್ಲಿ ಸೇರಿಸಿ. ವ್ಯಾಟ್ ಕಟ್ಟಿದ ಮೂಲ ಬಿಲ್ಲು ಕೇಳಿ ಪಡೆಯಿರಿ. ಎಸ್‌ಎಸ್‌ಆರ್ (ಬ್ರಿಟನ್ನಿನ ಸಣ್ಣ ಹಡಗುಗಳ ದಾಖಲೆ) ನೋಂದಣಿ ಮಾಲೀಕತ್ವದ ಪುರಾವೆಯಲ್ಲ, ಹಾಗಾಗಿ ಹಿಂದಿನ ಎಲ್ಲ ಮಾರಾಟಪತ್ರಗಳ ಸರಣಿ ಬೇಕು. ನಾಲ್ಕು ಡ್ರೇನ್ ಪೈಪುಗಳು ಚಾವಣಿಯಿಂದ ಡೆಕ್ಕಿಗೆ ಎಲ್ಲೆಲ್ಲಿ ಹಾದುಹೋಗುತ್ತವೆ ಎಂದು ಮಾರುವವರಿಂದ ಒಂದು ಚಿತ್ರ ಬರೆಸಿಕೊಂಡು ಅದೇ ಕಡತದಲ್ಲಿ ಇಟ್ಟುಕೊಳ್ಳಿ.