ಹದಿನಾಲ್ಕು ತಿಂಗಳ ಫೈಬರ್, ಅಂಗೈಯಗಲದ ಒಂದು ಡಬ್ಬಿ

ಮನೆಗೆ ಫೈಬರ್ ನೆಟ್ ಹಾಕಿಸಿ ಹದಿನಾಲ್ಕು ತಿಂಗಳಾಯಿತು. ಸ್ಪೀಡ್ ಬಗ್ಗೆ ನನ್ನ ತಕರಾರಿಲ್ಲ. 100 ಎಂಬಿಪಿಎಸ್ ಅಂದಿದ್ದರು, 90ರ ಮೇಲೆ ಬರುತ್ತದೆ. ಶೇರು ಬಜಾರಿನ ಚಾರ್ಟ್ ನೋಡಿ ಆರ್ಡರ್ ಹಾಕಲು ಅದರ ಕಾಲುಭಾಗವೂ ಬೇಡ. ನನ್ನ ಜಗಳವೆಲ್ಲ ಕರೆಂಟಿನ ಜತೆ.

ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆಂದು ಬಲ್ಲವರು ಬಲ್ಲರು. ಒಂದು ದಿನ 10:40ಕ್ಕೆ ಕೈಯಲ್ಲಿ ಇಂಟ್ರಾಡೇ ಪೊಸಿಷನ್, ಅಂದರೆ ಅವತ್ತೇ ಮುಗಿಸಬೇಕಾದ ಸೌದಾ ಇತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಹಿಡಿಯಿತು, ತಿರುಗುತ್ತಿದ್ದ ಫ್ಯಾನಿಗೆ ಗೊತ್ತೇ ಆಗಲಿಲ್ಲ. ಆದರೆ ಅಷ್ಟರಲ್ಲೇ ರೂಟರ್ ಸತ್ತು ಹುಟ್ಟಿತ್ತು. ದೀಪಗಳೆಲ್ಲ ಹತ್ತಿ ನೆಟ್ ಬರಲು ಮೂರು ನಿಮಿಷ. ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟು ಕೆಟ್ಟರೆ ಸೌದಾ ತಾನೇ ಮುಗಿಸುವ ಆರ್ಡರ್) ಹಾಕದಿದ್ದದ್ದು ನನ್ನದೇ ತಪ್ಪು, ಹಾಕಿದ್ದರೆ ನಮ್ಮ ನೆಟ್ ಇರಲಿ ಬಿಡಲಿ ಅದರ ಪಾಡಿಗೆ ಅದು ಕೆಲಸ ಮಾಡುತ್ತಿತ್ತು. 4,200 ರೂಪಾಯಿ ಹೋಯಿತು. ವರ್ಷದ ನೆಟ್ ಬಿಲ್ಲಿನ ಅರ್ಧಕ್ಕಿಂತ ಜಾಸ್ತಿ!

ಅದೇ ಸಂಜೆ ಸೂಪರ್ ಮಾರ್ಕೆಟ್‌ಗೆ ಹೋಗಿ 1,350 ಕೊಟ್ಟು ರೂಟರಿಗೆ ಹಾಕುವ ಮಿನಿ ಯುಪಿಎಸ್ ತಂದೆ, ಅಂಗೈಯಗಲದ ಬ್ಯಾಟರಿ ಡಬ್ಬಿ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಬೆನ್ನು ಓದಿ. ನನ್ನದರಲ್ಲಿ 12 ವೋಲ್ಟ್, 1 ಆಂಪಿಯರ್ ಎಂದಿತ್ತು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ನಡೆಯುತ್ತದೆ.

ಈಗ ದಿನಾ 8:50ಕ್ಕೆ ಚಹಾ ಲೋಟ ಹಿಡಿದು ರೂಟರ್ ಮುಂದೆ ನಿಲ್ಲುತ್ತೇನೆ. ಫೈಬರ್ ಕೂಡಿದೆ ಎನ್ನುವ ಪಾನ್ (PON) ದೀಪ ಹಸಿರಾಗಿ ನಿಂತಿರಬೇಕು, ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎನ್ನುವ ಲಾಸ್ (LOS) ದೀಪ ಹತ್ತಿರಬಾರದು. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚುತ್ತೇನೆ, ಯಾಕಂದರೆ ವೈಫೈ ಮಗನ ಗೇಮಿಗೆ ಮೀಸಲು. ಪಿಂಗ್ ಕೊಟ್ಟು ನೆಟ್ ಉತ್ತರಿಸುತ್ತದಾ ನೋಡಿ, ಸ್ವಿಚ್ ತೆಗೆದು ಹಾಕಿ ಡಬ್ಬಿ ಹಿಡಿಯುತ್ತದಾ ಎಂದು ಪರೀಕ್ಷೆ. 9:15ಕ್ಕೆ ಶೇರು ಬಜಾರ್ ತೆರೆಯುವ ಹೊತ್ತಿಗೆ ಚಹಾ ಮುಗಿದಿರುತ್ತದೆ. ಮನೆಯಾಕಿ ಇದಕ್ಕೆ "ರೂಟರ್ ಪೂಜಿ" ಅಂತ ಹೆಸರಿಟ್ಟಿದ್ದಾಳೆ.

ಇಲ್ಲಿಗೇ ಮುಗಿದಿದ್ದರೆ ಐದು ಸ್ಟಾರ್. ಜೂನ್‌ನಲ್ಲಿ ಒಮ್ಮೆ ಎರಡು ತಾಸು ಕರೆಂಟ್ ಇಲ್ಲ. ನನ್ನ ಡಬ್ಬಿ ಗಟ್ಟಿಯಾಗಿ ನಿಂತಿತ್ತು, ಆದರೂ ಲಾಸ್ ದೀಪ ಕೆಂಪಗಾಯಿತು. ಫೋನ್ ಮಾಡಿದರೆ ಆಪರೇಟರ್ ಕಡೆಯ ಹುಡುಗ, "ಸರ್, ನಿಮ್ಮ ಕಡಿ ಏನೂ ಆಗಿಲ್ರಿ. ನಮ್ಮ ಅಂಗಡ್ಯಾಗ ಬ್ಯಾಟರಿ ಖಾಲಿ ಆಗ್ಯಾದ. ಕರೆಂಟ್ ಬಂದ್ರ ತಾನಾ ಬರ್ತದ" ಅಂದ. ಇಡೀ ಬಡಾವಣೆಗೆ ಫೈಬರಿನ ಬೆಳಕು ಕಳಿಸುವ ಪೆಟ್ಟಿಗೆಗೆ ನನ್ನ ಡಬ್ಬಿಯಷ್ಟೂ ದಮ್ಮಿಲ್ಲ! ಆವತ್ತು ಬೇರೆ ಕಂಪನಿಯ ಸಿಮ್ಮಿನ ಹಾಟ್‌ಸ್ಪಾಟ್ ಹಿಡಿದು ಹೇಗೋ ಸೌದಾ ಮುಗಿಸಿದೆ. ಅಂದಿನಿಂದ ಆ ಸಿಮ್ಮಿಗೂ ತಿಂಗಳಾ ರಿಚಾರ್ಜ್. ಇದು ಐಷಾರಾಮ ಅನ್ನುವವರು ಅನ್ನಲಿ.

ಅದೇ ಹುಡುಗನ ಮೇಲೆ ನನ್ನ ಸಿಟ್ಟು ಇಳಿದದ್ದು ಮಳೆಗಾಲದಲ್ಲಿ. ನೆಟ್ ಬಂದು ಹೋಗಿ ಆಟ ಆಡುತ್ತಿತ್ತು. ಭಾನುವಾರ ಬಂದು ಬೆಳಕು ಅಳೆಯುವ ಮೀಟರ್ ಹಚ್ಚಿದ: ಮೈನಸ್ 29, ಅಂದರೆ ಬೆಳಕು ತೀರಾ ಮಂಕು. ಕಿಟಕಿ ಬಾಗಿಲಿನ ಸಂದಿಯಲ್ಲಿ ಹಳದಿ ವೈರ್ ಮಡಚಿ ಸಿಕ್ಕಿಕೊಂಡಿತ್ತು. ಫೈಬರ್ ಬಾಗಿದರೆ ಬೆಳಕು ಅಲ್ಲೇ ಸೋರುತ್ತದಂತೆ. ಕತ್ತರಿಸಿ ಹೊಸದಾಗಿ ಜೋಡಿಸಿದ, ಮೈನಸ್ 20ಕ್ಕೆ ಬಂತು. ದುಡ್ಡು ಕೇಳಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ ತಿಂದು ಹೋದ.

ಮೂರೂವರೆ ಸ್ಟಾರ್. ವರ್ಷದ ಪ್ಲಾನ್ ತಗೊಂಡರೆ ಒಂದು ತಿಂಗಳು ಫ್ರೀ ಅಂತಾರೆ. ಅಂಗಡಿಗೆ ದೊಡ್ಡ ಬ್ಯಾಟರಿ ಬರುವ ತನಕ ನಾನು ತಿಂಗಳು ತಿಂಗಳೇ ಕಟ್ಟುವವನು.